ಹೊಸಿಲು ದಾಟದ ಕಸ

ಸೂಜಿದಾರ ಹುಡುಕಲು ಪ್ರಯಾಣದ ಕೈಚೀಲವನ್ನು ಮಂಚದ ಮೇಲೆ ಸುರಿದೆ. ಸೂಜಿ ಸಿಗಲಿಲ್ಲ, ಗುಲಾಬಿ ಬಣ್ಣದ ಒಂದು ಚೀಟಿ ಸಿಕ್ಕಿತು. ಅಂಗೈಯಗಲದ ಚೀಟಿಯಲ್ಲಿ ಗೆರೆ ಎಳೆದ ಮೂರು ಮನೆ. ಮೊದಲನೆಯದು ಒಂದು ತಿಂಡಿಗೆ, ಎರಡನೆಯದು ಒಂದು ಊಟಕ್ಕೆ, ಮೂರನೆಯದು ದೇಶದೊಳಗೆ ಎಲ್ಲಿಗಾದರೂ ಒಂದು ಫೋನ್ ಕರೆಗೆ. ತಿಂಡಿ ಊಟದ ಮನೆಗಳು ಹಾಗೇ ಉಳಿದಿವೆ. ನಮ್ಮ ಹಾಸನದ ಕಡೆಯವರು ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳದೆ ಹೊರಡುವವರಲ್ಲ. ಫೋನಿನ ಮನೆ ಮಾತ್ರ ಹರಿದುಹೋಗಿದೆ. ಅದನ್ನು ಯಾಕಾದರೂ ಹರಿಸಿಕೊಂಡೆನೋ ಎಂದು ಈಗಲೂ ಅನ್ನಿಸುತ್ತದೆ.

ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಭೂಗೋಳ ಪಾಠ ಹೇಳಿ, ಕಪ್ಪು ಹಲಗೆಯ ಮೇಲೆ ನೈಲ್ ನದಿಯನ್ನು ನೂರಾರು ಸಲ ಎಳೆದು ಅಳಿಸಿ, ನಿವೃತ್ತಳಾದ ಮೇಲೆ ಆ ನದಿ ನಿಜವಾಗಿ ಇದೆಯೋ ಇಲ್ಲವೋ ನೋಡಿಕೊಂಡು ಬರೋಣವೆಂದು ನಾಲ್ಕು ಜನ ಹಳೆಯ ಮೇಡಂಗಳ ಜೊತೆ ಹೊರಟಿದ್ದೆ. ಮುಂಬಯಿಯಿಂದ ಕೈರೋಗೆ ಹೋಗಬೇಕಾದ ವಿಮಾನ ಹದಿನಾಲ್ಕು ಗಂಟೆ ತಡ ಎಂದರು. ನಮ್ಮ ಡ್ರಾಯಿಂಗ್ ಮೇಡಂ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತರು. ಕೌಂಟರಿನ ಹುಡುಗಿ ಸ್ವಲ್ಪವೂ ಬೇಸರಪಡದೆ, ಪ್ರಯಾಣಿಕರಿಗೆ ಏನೇನು ಹಕ್ಕಿದೆ, ಎಷ್ಟು ಗಂಟೆ ತಡವಾದರೆ ಏನು ಕೊಡಬೇಕು ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸಿ ಎಲ್ಲರ ಕೈಗೂ ಗುಲಾಬಿ ಚೀಟಿ ಕೊಟ್ಟಳು. ನನಗೆ ಸಿಟ್ಟೇ ಬರಲಿಲ್ಲ. ಪಿರಮಿಡ್ಡು ಅಷ್ಟು ಸಾವಿರ ವರ್ಷ ಕಾದಿದೆ, ಇನ್ನೊಂದು ಹಗಲು ಕಾಯಲಾರದೇ? ನನ್ನ ಕಿವಿಯಲ್ಲಿ ಆಗ ಕೇಳಿಸಿದ್ದು ನಮ್ಮಜ್ಜಿಯ ಒಂದು ಪ್ರಶ್ನೆ. ವಿಮಾನವನ್ನು ಕಣ್ಣಿನಿಂದಲೂ ನೋಡದ ನಮ್ಮಜ್ಜಿ ವಿಮಾನ ಕಂಪನಿಯವರಿಗೆ ಹಾಕಿದ ಪ್ರಶ್ನೆ ಅದು. ಅದಕ್ಕೆ ಆಗಲೂ ಉತ್ತರ ಬರಲಿಲ್ಲ, ಈಗಿನ ಚೀಟಿಯಲ್ಲೂ ಇಲ್ಲ.

ಅದನ್ನು ಹೇಳಬೇಕಾದರೆ ಹೊಳೆನರಸೀಪುರದ ನಮ್ಮ ಮನೆಯ ಪೊರಕೆಯಿಂದ ಶುರುಮಾಡಬೇಕು.

ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರು ಅಲ್ಲಿ ತಲುಪುವ ತನಕ ಮನೆ ಗುಡಿಸಬಾರದು ಎಂಬುದು ನಿಮ್ಮಲ್ಲೂ ಇರಬೇಕು. ಗುಡಿಸಿದರೆ ಹೋದವರ ದಾರಿಯನ್ನೇ ಗುಡಿಸಿ ಹಾಕಿದಂತೆ. ನಮ್ಮಜ್ಜಿಯ ಬಳಿ ಇದಕ್ಕೊಂದು ವೇಳಾಪಟ್ಟಿಯೇ ಇತ್ತು. ಪಕ್ಕದ ಹಳ್ಳಿಮೈಸೂರಿಗೆ ಹೋದರೆ ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು. ಅರಕಲಗೂಡಿಗಾದರೆ ಮಧ್ಯಾಹ್ನದ ಮುದ್ದೆ ಇಳಿಯುವವರೆಗೆ. ಹಾಸನಕ್ಕೂ ಅಷ್ಟೇ, ಆದರೆ ಬಸ್ಸು ನಡುವೆ ಕೆಟ್ಟು ನಿಲ್ಲುವ ಬಾಬ್ತು ಇನ್ನೊಂದು ಗಳಿಗೆ ಸೇರಿಸಬೇಕು. ಮೈಸೂರಿಗೆ ಹೋದರೆ ಆವತ್ತು ಪೊರಕೆಗೆ ರಜೆ. ಗುಡಿಸಿದರೆ ತಲುಪಿದರು ಎಂದು ಲೆಕ್ಕ. ಹೊರಟವನಿಗೆ ಹೆಂಡತಿಯಿದ್ದರೆ ಮನೆ ಗುಡಿಸಿದ ಮೇಲೆಯೇ ಅವಳು ತಲೆಗೆ ನೀರು ಹಾಕಿಕೊಳ್ಳಬೇಕು, ಆಮೇಲೆಯೇ ಹೊಸಿಲು ದಾಟಬೇಕು. ಒಂದೆರಡು ಹೊತ್ತಿನ ಮಾತಾದ್ದರಿಂದ ಯಾರಿಗೂ ಅದು ಕಷ್ಟ ಅನ್ನಿಸುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿರಬೇಕು, ನಮ್ಮ ಚಿಕ್ಕಪ್ಪ ಇಂಗ್ಲೆಂಡಿಗೆ ಹೊರಟ. ಆಲೂಗೆಡ್ಡೆಗೆ ತಗಲುವ ರೋಗಗಳ ವಿಚಾರ ಓದುವುದಕ್ಕೆ ವಿದ್ಯಾರ್ಥಿವೇತನ ಸಿಕ್ಕಿತ್ತು. "ಆಲೂಗೆಡ್ಡೆ ಗಿಡ ನೋಡಾಕೆ ಅಲ್ಲೀಗಂಟ ಓಗ್ಬೇಕೇನ್ಲಾ? ಆಸನದ ಸುತ್ತ ಏನು ಬರಗಾಲವಾ?" ಎಂದು ಅಜ್ಜಿ ಕೇಳಿದ್ದಳು. ಹಡಗಿನಲ್ಲಿ ಜಾಗ ಸಿಗುವುದು ತಿಂಗಳುಗಟ್ಟಲೆ ತಡ, ಅಷ್ಟರಲ್ಲಿ ಕಾಲೇಜು ಶುರುವಾಗಿಬಿಡುತ್ತದೆ, ಅದಕ್ಕೇ ವಿಮಾನ. ವಿಮಾನದಲ್ಲಿ ಭಾರ ಹೆಚ್ಚಾಗಬಾರದೆಂದು ಅವನ ಪೆಟ್ಟಿಗೆಯನ್ನು ರಾಗಿ ತೂಗುವ ತಕ್ಕಡಿಯಲ್ಲಿಟ್ಟು ನಾಲ್ಕು ಸಲ ತೂಗಿದರು. ಪ್ರತಿ ಸಲವೂ ಏನಾದರೊಂದು ಹೊರಗೆ ಬರುತ್ತಿತ್ತು. ಅಜ್ಜಿ ಮಾಡಿದ ನಿಪ್ಪಟ್ಟು ಬಂತು, ಹುರಿಗಾಳು ಬಂತು, ಕೊನೆಗೆ ಟಿಕೇಟಿನ ಜೊತೆ ಬಂದಿದ್ದ ಷರತ್ತುಗಳ ಕಾಗದವೂ ಬಂತು. ಆ ಕಾಗದ ಎಷ್ಟು ತೂಗುತ್ತಿತ್ತೋ! ಹೊರಗೆ ಬಂದ ನಿಪ್ಪಟ್ಟನ್ನು ನಾನು ತಿಂದೆ. ಕಾಗದವನ್ನು ಚಿಕ್ಕವ್ವ ತನ್ನ ಟ್ರಂಕಿನಲ್ಲಿಟ್ಟುಕೊಂಡಳು.

ಚಿಕ್ಕವ್ವ ಎಂದರೆ ಚಿಕ್ಕಪ್ಪನ ಹೆಂಡತಿ ಗೌರಮ್ಮ. ಮದುವೆಯಾಗಿ ಎರಡು ವರ್ಷ, ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ನನಗೆ ಆಗ ಒಂಬತ್ತು. ನನ್ನ ಜಡೆಯನ್ನು ಎಳೆಯದೆ ಹೆಣೆಯುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಚನ್ನರಾಯಪಟ್ಟಣದ ಕಡೆಯ ಹುಡುಗಿ. ಅವಳ ತಂಗಿ ಕೆಂಪಿ ಹುಟ್ಟಿದಾಗಲೇ ತಾಯಿ ತೀರಿಕೊಂಡಿದ್ದರಿಂದ ಚಿಕ್ಕವ್ವ ತಾನೂ ಮಗುವಾಗಿದ್ದಾಗಲೇ ಆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬೆಳೆಸಿದ್ದಳು. ಚಿಕ್ಕಪ್ಪ ಮನೆಬಿಟ್ಟ ಹನ್ನೆರಡನೆಯ ದಿನಕ್ಕೆ ಸರಿಯಾಗಿ ಕೆಂಪಿಯ ಮದುವೆ ಗೊತ್ತಾಗಿತ್ತು. ತಾಯಿಯಿಲ್ಲದ ಹುಡುಗಿಗೆ ಮಡಿಲಕ್ಕಿ ತುಂಬಬೇಕಾದವಳು ಅಕ್ಕನೇ. "ನೀನು ಬರ್ದಿದ್ರೆ ನಾನು ಯಾರ ಕೈಲೂ ಮಡ್ಲಕ್ಕಿ ಆಕಿಸ್ಕಳಕ್ಕಿಲ್ಲ ಕಣಕ್ಕ" ಎಂದು ಕೆಂಪಿ ಹೇಳಿ ಕಳಿಸಿದ್ದಳಂತೆ.

ಚಿಕ್ಕಪ್ಪನ ಅಂಗೈಗೆ ಮೊಸರು ಸಕ್ಕರೆ ಹಾಕಿ, ಹೊಸಿಲಾಚೆ ಬಲಗಾಲಿಡಿಸಿ, ಬಸ್ಸು ಹತ್ತಿಸಿ ಬಂದ ಮೇಲೆ ಪೊರಕೆಗೆ ರಜೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಬಂತು. ಅಜ್ಜಿಯ ವೇಳಾಪಟ್ಟಿ ಮೈಸೂರಿಗೆ ಮುಗಿದುಹೋಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಯೋಚಿಸಿ, "ತಲುಪ್ದೆ ಅಂತ ತಂತಿ ಬರೋಗಂಟ ಯಾರೂ ಪೊರಕೆ ಮುಟ್ಟಂಗಿಲ್ಲ" ಎಂದು ಅದನ್ನು ಬಾಗಿಲ ಹಿಂದಿನ ಮೊಳೆಗೆ ಕಟ್ಟಿಬಿಟ್ಟಳು. ನಾಲ್ಕನೆಯ ದಿನ ಮುಂಬಯಿಯಿಂದ ತಂತಿ ಬಂತು, ನಾಳೆ ವಿಮಾನ ಹತ್ತುತ್ತೇನೆ ಎಂದು. ವಿಮಾನದ ದಾರಿ ಎರಡು ದಿನದ್ದು. ಅಪ್ಪ ಬೆರಳು ಮಡಿಸಿ, ಏಳನೆಯ ದಿನ, ತಪ್ಪಿದರೆ ಎಂಟನೆಯ ದಿನ ಲಂಡನ್ನಿನ ತಂತಿ ಬರುತ್ತದೆ ಎಂದರು. ಮದುವೆಗೆ ಇನ್ನೂ ಬೇಕಾದಷ್ಟು ದಿನವಿದೆ ಎಂದು ಚಿಕ್ಕವ್ವ ಹಸಿರು ಸೀರೆ ಮಡಿಸಿಟ್ಟಳು.

ಏಳು ಕಳೆಯಿತು, ಎಂಟು ಕಳೆಯಿತು. ತಂತಿಯಿಲ್ಲ.

ಎಂಟು ದಿನ ಗುಡಿಸದ ಮನೆಯನ್ನು ನೀವು ನೋಡಿರಲಾರಿರಿ. ಒಲೆಯ ಸುತ್ತ ಮಾತ್ರ ಬಟ್ಟೆಯಲ್ಲಿ ಒರೆಸಿಕೊಳ್ಳಬಹುದು ಎಂದು ಅಜ್ಜಿ ರಿಯಾಯಿತಿ ಕೊಟ್ಟಿದ್ದಳು. ಉಳಿದಂತೆ ನಡುಮನೆಯ ತುಂಬ ರಾಗಿ ಹೊಟ್ಟು, ಕಡಲೆಕಾಯಿ ಸಿಪ್ಪೆ, ನುಗ್ಗೆ ಸೊಪ್ಪಿನ ಕಡ್ಡಿ. ಧೂಳಿನ ಮೇಲೆ ಯಾರು ಯಾವ ಕಡೆ ನಡೆದರು ಎಂಬುದು ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ನಾನು ಬೆಲ್ಲದ ಗಡಿಗೆಯ ತನಕ ಹೋಗಿ ಬಂದದ್ದು ಹಾಗೇ ಸಿಕ್ಕಿಬಿತ್ತು. "ಇಲಿ" ಎಂದೆ. "ಐದು ಬೆರ್ಳಿನ ಇಲಿ" ಎಂದು ಅಜ್ಜಿ ಕಿವಿ ಹಿಂಡಿದಳು. ಎದುರು ಮನೆಯವರು ಜಗಲಿ ನೋಡಿ, ಸೂತಕವೇನಾದರೂ ಬಂತೆ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದರು. ಅವತ್ತಿನಿಂದ ಮನೆಯಲ್ಲಿ ನಗು ಕಡಿಮೆಯಾಯಿತು.

ಚಿಕ್ಕವ್ವ ಮುಂಬಾಗಿಲ ಒಳಗೆ ಹೊಸಿಲಿಗೆ ಒಂದು ಗೇಣು ಬಿಟ್ಟು ಕೂತಿರುತ್ತಿದ್ದಳು. ಅಂಚೆಯವನ ಸೈಕಲ್ಲು ಬೀದಿಗೆ ತಿರುಗಿದರೆ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಲ್ಲುತ್ತಿತ್ತು. ಸೈಕಲ್ಲು ಮುಂದೆ ಹೋದ ಮೇಲೆ ಮತ್ತೆ ಬಿಡಿಸಲು ಶುರುಮಾಡುತ್ತಿದ್ದಳು. ಎಣ್ಣೆ ನೀರು ಕಾಣದ ಅವಳ ತಲೆಕೂದಲು ಗಂಟುಗಟ್ಟಿತ್ತು. ಒಂದು ದಿನ ನಾನೇ ಬಾಚಲು ಹೋಗಿ ಹಣಿಗೆಯ ಎರಡು ಹಲ್ಲು ಮುರಿದೆ. "ಗಂಡ ಎಲ್ಲವ್ನೋ ಗೊತ್ತಿಲ್ದೆ ಮದ್ವೆ ಮನೇಲಿ ನಗ್ತಾ ಓಡಾಡಾಕೆ ನಂಗೂ ಮನ್ಸಿಲ್ಲ ಕಣೆ. ಆದ್ರೆ ಕೆಂಪಿ ಬಾಗ್ಲು ನೋಡ್ತಾ ಕುಂತಿರ್ತಾಳಲ್ಲ" ಎಂದಳು. ನನಗೆ ಹೇಳಿದಳೋ ಅವರೆಕಾಯಿಗೆ ಹೇಳಿದಳೋ ತಿಳಿಯಲಿಲ್ಲ.

ಅಪ್ಪ ಮುಂಬಯಿ ಆಫೀಸಿಗೆ ತಂತಿ ಕೊಟ್ಟರು. ಒಂಬತ್ತನೆಯ ದಿನ ಉತ್ತರ ಬಂತು: ವಿಮಾನ ಮಾರ್ಗಮಧ್ಯೆ ತಡವಾಗಿದೆ, ಹೆಚ್ಚಿನ ವಿವರವಿಲ್ಲ. ಈ ಮಾತಿಗಿಂತ ಉತ್ತರ ಬಾರದಿದ್ದರೇ ಚೆನ್ನಾಗಿತ್ತು. ಆಗ ಚಿಕ್ಕವ್ವ ಟ್ರಂಕಿನಿಂದ ಷರತ್ತಿನ ಕಾಗದ ತೆಗೆದು ಅಪ್ಪನ ಮುಂದಿಟ್ಟಳು. ಹತ್ತನೆಯ ದಿನ ಬೆಳಿಗ್ಗೆ ಅಪ್ಪ ಅದನ್ನು ಹಿಡಿದುಕೊಂಡು ಹಾಸನದಲ್ಲಿ ವಕೀಲರಾಗಿದ್ದ ನನ್ನ ಸೋದರಮಾವನ ಹತ್ತಿರ ಹೊರಟರು. ಹಠ ಮಾಡಿ ನಾನೂ ಬಸ್ಸು ಹತ್ತಿದೆ. ಆ ಬಸ್ಸು ನಡುದಾರಿಯಲ್ಲಿ ನೀರು ಕುಡಿಯಲು ನಿಂತಿತು, ಗಾಳಿ ತುಂಬಿಸಿಕೊಳ್ಳಲು ನಿಂತಿತು, ಒಬ್ಬರ ಮನೆಯ ಹೋತ ಇಳಿಸಲು ನಿಂತಿತು. ಯಾರೂ ಯಾವ ಹಕ್ಕನ್ನೂ ಕೇಳಲಿಲ್ಲ. ಇಳಿದು ತಳ್ಳುವುದೊಂದೇ ನಮ್ಮ ಬಸ್ಸಿನ ಪ್ರಯಾಣಿಕರಿಗಿದ್ದ ಹಕ್ಕು.

ಮಾವ ಕನ್ನಡಕ ಏರಿಸಿ ಆ ಇರುವೆಸಾಲಿನಂಥ ಅಕ್ಷರಗಳನ್ನು ಒಂದು ಗಂಟೆ ಓದಿದರು. ನಡುನಡುವೆ "ಭಲೆ" ಎನ್ನುತ್ತಿದ್ದರು. ಬರೆದವನ ಜಾಣತನಕ್ಕೆ ಮಾರುಹೋಗಿದ್ದರೆಂದು ಕಾಣುತ್ತದೆ. ಆಮೇಲೆ ಕಾಗದ ಮಡಿಸಿ, "ನೋಡಿ ಭಾವ, ಇಂಥ ದಿನ ಇಂಥ ಹೊತ್ತಿಗೆ ತಲುಪಿಸ್ತೀವಿ ಅಂತ ಇವರು ಎಲ್ಲೂ ಒಪ್ಪಿಕೊಂಡಿಲ್ಲ. ದಾರೀಲಿ ಎಲ್ಲಿ ಬೇಕಾದ್ರೂ ಇಳಿಸಬಹುದು, ಎಷ್ಟು ದಿನ ಬೇಕಾದ್ರೂ ನಿಲ್ಲಿಸಬಹುದು. ನಿಂತ ಕಡೆ ಪ್ರಯಾಣಿಕನಿಗೆ ಊಟ, ಮಲಗೋಕೆ ಜಾಗ, ಇವರದ್ದೇ ಖರ್ಚು. ಅದು ಹುಡುಗನ ಹಕ್ಕು. ಗಾಬರಿಯಾಗಬೇಡಿ, ಎಲ್ಲೋ ಹೊಟ್ಟೆ ತುಂಬ ಉಂಡು ಮಲಗಿರ್ತಾನೆ" ಎಂದರು. ಗಾಬರಿ ಪಡಬೇಡಿ ಎಂದವರೇ ನಮ್ಮನ್ನು ಬಸ್ಸಿನವರೆಗೆ ಬಿಡಲು ಬಂದು, ಹೊರಡುವಾಗ ಅಪ್ಪನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಕಮಾನುಗಾಡಿ ನಿಂತಿತ್ತು. ಚಿಕ್ಕವ್ವನನ್ನು ಮದುವೆಗೆ ಕರೆದೊಯ್ಯಲು ಅವಳಣ್ಣ ಬಂದಿದ್ದ. ಅಪ್ಪ ಕೈಕಾಲು ತೊಳೆಯುವ ಮೊದಲೇ ಅಜ್ಜಿ ಕೇಳಿದಳು.

"ಏನಂದ ಲಾಯರಿ?"

"ಯಾವಾಗ ತಲುಪುಸ್ತೀವಿ ಅಂತ ಅವ್ರು ಮಾತು ಕೊಟ್ಟಿಲ್ವಂತೆ ಅವ್ವ."

"ಅಂಗಾದ್ರೆ ನಮ್ಮ ಬಸ್ಸಿನಂಗೇಯ. ಅದ್ಕೆ ರೆಕ್ಕೆ ಯಾತಕ್ಕೆ ಕಟ್ಟುದ್ರು?"

"ತಡ ಆದ್ರೆ ಉಣ್ಣಾಕಿಕ್ತಾರಂತೆ, ಮಲಗಾಕೆ ಜಾಗ ಕೊಡ್ತಾರಂತೆ. ಅದು ಕುಂತೋರ ಅಕ್ಕು ಅಂತ ಬರ್ದವ್ರೆ."

ಅಜ್ಜಿ ಬಾಗಿಲ ಒಳಗೆ ಕೂತಿದ್ದ ಸೊಸೆಯ ಕಡೆ ಒಂದು ಸಲ ನೋಡಿದಳು. "ಸರಿ, ಕುಂತೋರ್ಗೆ ಅದಾಯ್ತು. ಕಾಯೋರ್ಗೆ ಏನು ಬರ್ದವ್ರೆ?" ಎಂದಳು.

ಅಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾಯೋರ ಇಚಾರ ಇದ್ರಲ್ಲಿ ಬಂದಿಲ್ಲ ಕಣವ್ವ" ಎಂದರು.

ಚಿಕ್ಕವ್ವನ ಅಣ್ಣ, ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲು ಗಾಡಿ ಹೂಡದಿದ್ದರೆ ಮದುವೆಗೆ ತಲುಪುವುದಿಲ್ಲ ಎಂದ. ಚಿಕ್ಕವ್ವ ಒಳಗೆ ಹೋಗಿ ತಾನು ಹೊಲಿದಿದ್ದ ಕುಪ್ಪಸವೊಂದನ್ನು ತಂದು ಅಣ್ಣನ ಕೈಗೆ ಕೊಟ್ಟು, "ಕೆಂಪಿಗೆ ಕೊಡು. ಮಡ್ಲಕ್ಕಿ ಅತ್ತಿಗೆ ಕೈಲಿ ಆಕ್ಸು" ಎಂದಳು. ಅವಳ ದನಿ ನಡುಗಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತೆ.

ಬೆಳಗಿನ ಜಾವ ಸರ ಸರ ಎಂಬ ಸದ್ದಿಗೆ ಎಚ್ಚರವಾಯಿತು. ಹತ್ತು ದಿನದಿಂದ ಕೇಳದೇ ಇದ್ದ ಸದ್ದು. ಎದ್ದು ನೋಡಿದರೆ ಅಜ್ಜಿ. ಅರವತ್ತು ದಾಟಿದ, ಸೊಂಟ ನೋವಿನ ಅಜ್ಜಿ, ಯಾರನ್ನೂ ಎಬ್ಬಿಸದೆ, ಹಿತ್ತಲ ಬಾಗಿಲಿಂದ ಹಿಡಿದು ನಡುಮನೆ ದಾಟಿ ಮುಂಬಾಗಿಲ ತನಕ ಬಗ್ಗಿ ಗುಡಿಸಿಕೊಂಡು ಬರುತ್ತಿದ್ದಳು. ಚಿಕ್ಕವ್ವ ಓಡಿಬಂದು, "ಬ್ಯಾಡ ಅತ್ತೆಮ್ಮ! ಅವ್ರಿಗೇನಾದ್ರೂ ಆದ್ರೆ?" ಎಂದು ಪೊರಕೆ ಹಿಡಿದುಕೊಂಡಳು. ಅಜ್ಜಿ ಕೈ ಬಿಡಿಸಿಕೊಂಡಳು. ಹೊಸಿಲ ಹತ್ತಿರ ಗುಡ್ಡೆಯಾದ ಕಸವನ್ನೆಲ್ಲ ಎರಡು ಕೈಯಲ್ಲೂ ಬಾಚಿ ಮೊರಕ್ಕೆ ತುಂಬಿ, ಮೊರವನ್ನು ಎತ್ತಿಕೊಂಡು ಹೋಗಿ ರಾಗಿ ತುಂಬಿಡುವ ವಾಡೆಯ ಮಗ್ಗುಲಲ್ಲಿಟ್ಟು ಮೇಲೊಂದು ಕುಕ್ಕೆ ಕವುಚಿದಳು.

"ಗುಡ್ಸಿರೋಳು ನಾನು. ಏನಾದ್ರೂ ಬಂದ್ರೆ ನನ್ನ ಮ್ಯಾಲೆ ಬರ್ಲಿ, ನಾ ಎತ್ತಿರೋ ಮಗ ಅವ್ನು. ಕಸ ಇನ್ನೂ ವಸ್ಲು ದಾಟಿಲ್ಲ, ಒಳ್ಗೇ ಐತೆ. ಅವನ ದಾರಿ ಎಲ್ಲೂ ಓಗಿಲ್ಲ. ನೀನು ತಲೆಗೆ ನೀರಾಕ್ಕೊ, ವಸ್ಲು ದಾಟು. ಆ ತಾಯಿಲ್ಲದ ಕೂಸು ಬಾಗ್ಲು ನೋಡ್ತಾ ಇರ್ತದೆ, ಓಗವ್ವ."

ವಕೀಲ ಮಾವ ಮೆಚ್ಚಿದ ಆ ಜಾಣ ಯಾವ ದೇಶದವನೋ ಕಾಣೆ. ನಮ್ಮಜ್ಜಿಯಂಥ ಷರತ್ತು ಬರೆಯುವುದು ಅವನಿಂದ ಆಗುತ್ತಿರಲಿಲ್ಲ.

ಚಿಕ್ಕವ್ವ ಒದ್ದೆ ತಲೆಯಲ್ಲೇ ಗಾಡಿ ಹತ್ತಿದಳು. ಅವತ್ತಿನಿಂದ ಅಜ್ಜಿ ಮೊರದ ಪಕ್ಕದಲ್ಲೇ ಕೂತಳು. ಮುದ್ದೆ ಮುಟ್ಟಲಿಲ್ಲ, ಮಜ್ಜಿಗೆ ಮಾತ್ರ ಕುಡಿದಳು. ಅವಳು ಎದ್ದು ಹೋದಾಗ ಕಾಯುವ ಕೆಲಸ ನನ್ನದು. ಮಾರನೆಯ ದಿನ ನಾನು ತೂಕಡಿಸುವಾಗ ಹ್ಯಾಟೆ ಕೋಳಿಯೊಂದು ಒಳಗೆ ನುಗ್ಗಿ ಕುಕ್ಕೆ ಉರುಳಿಸಿ ಕಸ ಕೆದಕಿಬಿಟ್ಟಿತು. ನಾನು ಹೆದರಿ, ಹಾರಿದ ಒಂದೊಂದು ಹೊಟ್ಟನ್ನೂ ಬೆರಳಲ್ಲಿ ಹೆಕ್ಕಿ ಮೊರಕ್ಕೆ ಹಾಕಿದೆ. ಒಂದು ಕಡ್ಡಿ ಹೊಸಿಲಾಚೆ ಹೋಗಿದ್ದರೂ ಚಿಕ್ಕಪ್ಪನ ವಿಮಾನ ಬೀಳುತ್ತದೆಂದು ನಾನು ನಂಬಿದ್ದೆ. ಭೂಗೋಳದ ಮೇಡಂ ಆದ ಮೇಲೂ ಆ ನಂಬಿಕೆ ಪೂರ್ತಿ ಹೋಗಲಿಲ್ಲ ಎಂದರೆ ನೀವು ನಗಬಾರದು.

ಹದಿಮೂರನೆಯ ದಿನ ಮಧ್ಯಾಹ್ನ ತಂತಿ ಬಂತು. ಅಪ್ಪ ಓದಿ, "ತಲುಪ್ದನಂತೆ ಅವ್ವ, ಲಂಡನ್ನು" ಎಂದರು. ಅಜ್ಜಿ ಮೊರವನ್ನು ನನ್ನ ಕೈಗಿಟ್ಟು, "ಎರಡೂ ಕೈಲಿ ಇಡ್ಕೊ" ಎಂದಳು. ನಾನು ಮುಂದೆ, ಅವಳು ಹಿಂದೆ, ಹೊಸಿಲು ದಾಟಿ ತಿಪ್ಪೆಯವರೆಗೆ ನಡೆದೆವು. ಕಸ ಸುರಿದು ತಿರುಗಿ ನೋಡಿದರೆ ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಿಕ್ಕಪ್ಪನ ಕಾಗದ ಮೂರು ವಾರದ ಮೇಲೆ ಬಂತು. ಇರಾಕಿನ ಬಸ್ರಾದಲ್ಲಿ ಎಂಜಿನ್ನು ಕೆಟ್ಟು ಐದು ದಿನ ನಿಂತರಂತೆ. ಕಂಪನಿಯವರೇ ದೊಡ್ಡ ಹೋಟಲಿನಲ್ಲಿ ಇಳಿಸಿ, ದಿನಾ ಖರ್ಜೂರ ಕೊಟ್ಟು, ಒಂದು ತಂತಿಯನ್ನು ಪುಕ್ಕಟೆಯಾಗಿ ಕಳಿಸಿಕೊಡುತ್ತೇವೆ ಎಂದರಂತೆ. ಅದನ್ನು ಅವನು, ಬರುವುದು ತಡವಾಗುತ್ತದೆ ಎಂದು ತನ್ನ ಕಾಲೇಜಿಗೆ ಕೊಟ್ಟನಂತೆ. ಓದುತ್ತಿದ್ದ ಅಪ್ಪ ಅಲ್ಲಿ ನಿಲ್ಲಿಸಿದರು. ಮದುವೆ ಮುಗಿಸಿ ಬಂದು ಕೈತುಂಬ ಹೊಸ ಬಳೆ ತೊಟ್ಟಿದ್ದ ಚಿಕ್ಕವ್ವ ನೆಲ ನೋಡುತ್ತ ನಿಂತಿದ್ದಳು. "ಗಂಡಸ್ರು ಅಂಗೇ ಕಣವ್ವ, ಮುಂದ್ಲೂರು ನೆಪ್ಪಿರ್ತದೆ, ಇಂದ್ಲೂರು ಮರ್ತೋಯ್ತದೆ" ಎಂದಳು ಅಜ್ಜಿ.

ಗಂಡಸರನ್ನೇನು ಹೇಳುವುದು! ನಾನು ಮೈಸೂರಿಗೆ ಟ್ರೈನಿಂಗಿಗೆ ಹೋದಾಗ ತಲುಪಿದ್ದಕ್ಕೆ ಒಂದು ಕಾರ್ಡು ಹಾಕು ಎಂದು ಚಿಕ್ಕವ್ವ ಕೈಗೆ ಕೊಟ್ಟು ಕಳಿಸಿದ್ದಳು. ಅಜ್ಜಿ ಆಗಲೇ ಇರಲಿಲ್ಲ. ಹೊಸ ಗೆಳತಿಯರು, ಹೊಸ ಹಾಸ್ಟಲು, ಕಾರ್ಡು ಪುಸ್ತಕದೊಳಗೇ ಉಳಿಯಿತು. ಒಂದು ವಾರದ ಮೇಲೆ ಊರಿಗೆ ಬಂದರೆ ಜಗಲಿಯ ಮೇಲೆಲ್ಲ ಧೂಳು. ಚಿಕ್ಕವ್ವ ನನ್ನನ್ನು ನೋಡಿ ಬೈಯಲಿಲ್ಲ. "ಬಂದ್ಯಾ" ಎಂದು ಬಾಗಿಲ ಹಿಂದಿನಿಂದ ಪೊರಕೆ ತೆಗೆದುಕೊಂಡಳು. ಅವಳು ಗುಡಿಸುತ್ತಿದ್ದರೆ ನಾನು ನಾಚಿಕೆಯಿಂದ ಜಗಲಿ ಕಂಬ ಹಿಡಿದು ನಿಂತಿದ್ದೆ. ಅವಳೂ ಹೋಗಿ ಈಗ ಎಷ್ಟೋ ವರ್ಷವಾಯಿತು.

ವಿಮಾನ ನಿಲ್ದಾಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಡ್ರಾಯಿಂಗ್ ಮೇಡಂ ಊಟದ ಮನೆ ಹರಿಸಿಕೊಂಡು ಬಂದರು. "ನೀವೂ ನಿಮ್ಮ ಹಕ್ಕು ಬಿಡಬೇಡಿ, ಕೊನೆಗೆ ಫೋನಾದರೂ ಮಾಡಿ" ಎಂದರು. ಯಾರಿಗೆ ಮಾಡುವುದು? ನಾನು ಒಂಟಿ ಹೆಂಗಸು. ಯೋಚಿಸಿ ಯೋಚಿಸಿ ಹಾಸನದ ನನ್ನ ಮನೆಯ ನಂಬರನ್ನೇ ಕೊಟ್ಟೆ. ಮನೆಗೆಲಸದ ರತ್ನನ ಹತ್ತಿರ ಬೀಗದ ಕೈ ಇರುತ್ತದೆ, ಗಿಡಕ್ಕೆ ನೀರು ಹಾಕಲು ಆ ಹೊತ್ತಿಗೆ ಬರುತ್ತಾಳೆ. ನನ್ನ ಅದೃಷ್ಟಕ್ಕೆ ಅವಳೇ ಎತ್ತಿದಳು.

"ಅಮ್ಮೋರಾ? ತಲುಪುದ್ರಾ?"

"ಇನ್ನೂ ಇಲ್ಲ ಕಣೆ. ಮುಂಬಯಲ್ಲೇ ಇದೀನಿ, ವಿಮಾನ ತಡ."

"ಏನೂ ಯೋಚ್ನೆ ಮಾಡ್ಬ್ಯಾಡಿ. ನೀವು ಆಟೋ ಅತ್ತಿದ್ದೇ ತಡ, ಇಡೀ ಮನೆ ಗುಡ್ಸಿ, ನೀರಾಕಿ ತೊಳ್ದು ಒರ್ಸಿವ್ನಿ. ಬಂದು ನೋಡಿ, ಕನ್ನಡಿಯಂಗೈತೆ."

ಪಾಪ, ಅವಳು ಪ್ರೀತಿಯಿಂದಲೇ ಮಾಡಿದ್ದಳು. ಆದರೂ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು.

"ಕಸ ಎಲ್ಲಿ ಹಾಕ್ದೆ ರತ್ನ?"

"ಆಚೆಗಾಕ್ದೆ ಕಣ್ರಮ್ಮ. ಕಸನ ಯಾರಾದ್ರೂ ಒಳಗಿಟ್ಕತಾರಾ?" ಎಂದು ಅವಳು ನಕ್ಕಳು.

"ಇಟ್ಕೋತಿದ್ರು ಕಣೆ" ಎಂದೆ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಪುಕ್ಕಟೆ ಕರೆಗೆ ಮೂರೇ ನಿಮಿಷವಂತೆ.